ದೊಡ್ಡವ್ವನ ಪ್ಲೇಟಿಗೆ ಕಾರೆಮುಳ್ಳು

ನನ್ನ ದೊಡ್ಡವ್ವನಿಗೆ, ನಿನ್ನ ತಂಗಿಯ ಮಗ ನಂಜುಂಡ ಮಾಡುವ ನಮಸ್ಕಾರ.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆದು, ಅತ್ತ ನಿನ್ನ ಕ್ಷೇಮಕ್ಕೆ ಕಾಗದ ಬರೆ ಎನ್ನುವಷ್ಟರಲ್ಲಿ ಕೈ ನಿಂತಿತು. ನೀನು ಹೋಗಿ ಹದಿನಾರು ವರ್ಷವಾಯಿತು. ನಿನ್ನ ಕ್ಷೇಮವನ್ನು ಯಾರನ್ನು ಕೇಳಲಿ? ಅದು ಹಾಗಿರಲಿ. ನನಗೆ ಸಿಟ್ಟು ಬಂದಿದೆ. ಮೂರು ತಿಂಗಳ ಹಿಂದೆ ಬಂದ ಸಿಟ್ಟು, ಇನ್ನೂ ಇಳಿದಿಲ್ಲ. ನಾನೀಗ ನರಸೀಪುರದ ಶಾಲೆಯಲ್ಲಿ ಮೇಷ್ಟ್ರು. ಈ ಸಿಟ್ಟನ್ನು ಯಾವುದಾದರೂ ಹುಡುಗನ ಬೆನ್ನಿನ ಮೇಲೆ ತೀರಿಸಿಬಿಟ್ಟೇನು ಎಂಬ ಹೆದರಿಕೆಗೆ ಕಾಗದದ ಮೇಲೆ ಇಳಿಸುತ್ತಿದ್ದೇನೆ. ನಿನ್ನ ಮೈದುನ ಚಿಕ್ಕೇಗೌಡ ನಿನ್ನ ದನಿಯ ಮೇಲೆ ನೇಗಿಲು ಹೊಡೆದುಬಿಟ್ಟ ದೊಡ್ಡವ್ವ. ಬೇರೆ ಯಾರಿಗೆ ದೂರು ಕೊಡಲಿ? ಅಮಲ್ದಾರರ ಕಚೇರಿಯಲ್ಲಿ ಇಂಥ ಅರ್ಜಿ ತೆಗೆದುಕೊಳ್ಳುತ್ತಾರೆಯೇ?

ಮೈಸೂರಿಗೆ ಹೊರಟ ಆ ಬೆಳಿಗ್ಗೆ ನಿನಗೆ ನೆನಪಿದೆಯೇ? ನಂಜನಗೂಡಿನ ಒಂದು ಮದುವೆಯಲ್ಲಿ ನೀನು ಹೆಣ್ಣೊಪ್ಪಿಸುವ ಪದ ಹಾಡಿದ್ದನ್ನು ಗ್ರಾಮಫೋನು ಪ್ಲೇಟು ಮಾಡುವ ಕಂಪನಿಯ ಏಜೆಂಟನೊಬ್ಬ ಕೇಳಿದ್ದ. ಹೆಮ್ಮರಗಾಲದ ಆಚೆಯ ನಿಮ್ಮ ಹಳ್ಳಿಗೆ ಮೂರು ಸಲ ಗಾಡಿ ಕಟ್ಟಿಸಿಕೊಂಡು ಬಂದ. ದೊಡ್ಡಪ್ಪ ಸುತರಾಂ ಒಪ್ಪಲಿಲ್ಲ. "ಬಸುರಿ ನೀನು, ಏಳ್ ತಿಂಗ್ಳು ತುಂಬದೆ. ಈಗ ರೈಲಾ?" ಎಂದ. ನೀನು ರಾಗಿ ಮುದ್ದೆ ತಿರುವುತ್ತಲೇ, "ರೈಲೇನ್ ನನ್ ಮ್ಯಾಲೆ ಓಯ್ತದಾ? ನಾನ್ ಅದ್ರೊಳೀಕ್ ಕೂರ್ತೀನಿ, ಅಷ್ಟೇಯ" ಎಂದೆ. ನಾನಾಗ ನಂಜನಗೂಡಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಇಪ್ಪತ್ತು ವರ್ಷ. ನಿನ್ನನ್ನು ಕರೆದುಕೊಂಡು ಹೋಗಿ ಬರುವ ಹೊಣೆ ನನ್ನದಾಯಿತು. ಮೈಸೂರಿನ ಆ ಬಂಗಲೆಯಲ್ಲಿ ಸುತ್ತಲೂ ಕಂಬಳಿ ಇಳಿಬಿಟ್ಟಿದ್ದ ಒಂದು ಕೋಣೆ, ಗೋಡೆಯಿಂದ ಹೊರಗೆ ಬಂದಿದ್ದ ದೊಡ್ಡ ಕಹಳೆ, ಗೋಡೆಯ ಆಚೆ ಯಂತ್ರ ನಡೆಸುವ ಒಬ್ಬ ಬಿಳಿ ದೊರೆ. ನಿನ್ನೊಬ್ಬಳನ್ನೇ ಒಳಗೆ ಬಿಟ್ಟು ಬಾಗಿಲು ಹಾಕಿದರು. ನಾನು ಜಗಲಿಯ ಮೇಲೆ ಕುಳಿತು, ಹೆದರುತ್ತೀಯೇನೋ ಎಂದು ನಾನೇ ಬೆವರಿದೆ.

ನೀನು ಬಸುರಿಯಾಗಿ ಹಾಡಿದ ಆ ಹಾಡು ಪ್ಲೇಟಾಗಿ ಊರಿಗೆ ಬರುವ ಹೊತ್ತಿಗೆ ನೀನೇ ಇರಲಿಲ್ಲ. ಹೆರಿಗೆಯಾದ ಮೇಲೆ ಜ್ವರ ಬಂದು ಮೂರು ದಿನ ಎಚ್ಚರವಿಲ್ಲದೆ ಮಲಗಿದ್ದೆ. ಮಗುವನ್ನು ನಿನ್ನ ಪಕ್ಕದಲ್ಲಿ ಮಲಗಿಸಿ ನನ್ನವ್ವ ನಿನ್ನ ಕಿವಿಯ ಹತ್ತಿರ ಎಷ್ಟು ಕೂಗಿದಳು… ನೀನು ಕಣ್ಣು ಬಿಡಲಿಲ್ಲ. ನಾಲ್ಕನೆಯ ದಿನ ಎಲ್ಲ ಮುಗಿಯಿತು. ಗಂಡಸರೇ ತುಂಬಿದ್ದ ನಿನ್ನ ಮನೆಯಲ್ಲಿ ಎಳೆಗೂಸನ್ನು ಸಾಕುವವರಾರು ಎಂದು ನನ್ನವ್ವ ಅದನ್ನು ಮಡಿಲಿಗೆ ಹಾಕಿಕೊಂಡು ನಮ್ಮೂರು ಕವಲಂದೆಗೆ ತಂದಳು. ಮಾದೇವಿ ಎಂದು ಹೆಸರಿಟ್ಟೆವು. ನನ್ನನ್ನು ಅಣ್ಣಯ್ಯ ಎನ್ನುತ್ತಾಳೆ. ನನ್ನ ಬೆನ್ನಿನ ಮೇಲೆ ಬೆಳೆದ ಕೂಸು ಅದು.

ಪ್ಲೇಟು ಬಂದ ದಿನ ಚಿಕ್ಕೇಗೌಡ ಹಳ್ಳಿಗೆಲ್ಲ ಬೆಲ್ಲ ಹಂಚಿದ. ಅವನ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ನಿನ್ನ ದನಿ ಕೇಳುವುದಕ್ಕೆಂದೇ ಆ ವರ್ಷ ಭತ್ತ ಮಾರಿ ಗ್ರಾಮಫೋನು ಪೆಟ್ಟಿಗೆ ತಂದ. ಸಂಜೆಯಾದರೆ ಅವನ ಜಗಲಿಯ ಮೇಲೆ ಗಂಡಸರ ಗುಂಪು. "ನಮ್ಮತ್ತಿಗೆ ಪಿಲೇಟು" ಎಂದು ಮೀಸೆ ತಿರುವುತ್ತಿದ್ದ. ಆದರೆ ಮಾದೇವಿಗೆ ಅದನ್ನು ಕೇಳಿಸಬಾರದು ಎಂದು ಅಜ್ಜಿ, ಅದೇ ನಿನ್ನವ್ವ, ಕಟ್ಟಪ್ಪಣೆ ಮಾಡಿದ್ದಳು. ಸತ್ತ ತಾಯಿಯ ದನಿ ಎಳೆಯ ಕಿವಿಗೆ ಬಿದ್ದರೆ ತಾಯಿ ಕರೆದುಕೊಂಡು ಹೋಗುತ್ತಾಳಂತೆ, ಮದುವೆಯಾಗಿ ತಾಳಿ ಬಿದ್ದ ಮೇಲೆ ಕೇಳಿದರೆ ಭಯವಿಲ್ಲವಂತೆ. ಹಾಗಾಗಿ ಆ ಮಗು ಹದಿನಾರು ವರ್ಷ ನಿನ್ನ ದನಿಯನ್ನು ನಮ್ಮ ಬಾಯಲ್ಲಿ ಕೇಳಿತು. ನೀರು ಸೇದುವಾಗ, ಕಳೆ ಕೀಳುವಾಗ, ಮಲಗುವಾಗ ಅದೇ ಪ್ರಶ್ನೆ. "ಅಣ್ಣಯ್ಯ, ನಮ್ಮವ್ವ ಎಂಗ್ ಆಡ್ತಿದ್ಲು?" ನಾವು ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದೆವು. ಅವಳ ಹತ್ತಿರ ನಿನ್ನದು ಅಂತ ಇದ್ದದ್ದು ಅದೊಂದೇ. ನಿನ್ನ ಸೀರೆ ಇರಲಿಲ್ಲ, ಪಟ ತೆಗೆಸಿರಲಿಲ್ಲ. ಅವ್ವ ಚೆನ್ನಾಗಿ ಹಾಡುತ್ತಿದ್ದಳು ಎಂಬ ಮಾತು, ಅಷ್ಟೆ.

ಮದುವೆಯ ದಿನ ಬಂತು. ನಮ್ಮ ಮನೆಯ ಮುಂದೆಯೇ ಚಪ್ಪರ. ಗಂಡಿನವರು ಇದೇ ನರಸೀಪುರದವರು. ಹೆಣ್ಣೊಪ್ಪಿಸುವ ಹೊತ್ತಾಯಿತು. ಹೆಂಗಸರು ಪದ ಎತ್ತಿಕೊಳ್ಳಬೇಕು ಎನ್ನುವಷ್ಟರಲ್ಲಿ ಚಿಕ್ಕೇಗೌಡ ಕೈ ಅಡ್ಡ ಹಿಡಿದ. "ಯಾರೂ ಆಡ್ಬ್ಯಾಡಿ. ಎತ್ತವ್ಳೇ ಮಗಳ್ನ ಒಪ್ಪಿಸ್ಕೊಡ್ಲಿ" ಎಂದ. ಸುಳ್ಳೇಕೆ ಹೇಳಲಿ, ಆ ಮಾತಿಗೆ ನನ್ನ ಕಣ್ಣೂ ತುಂಬಿತು. ಪೆಟ್ಟಿಗೆ ತಂದಿಟ್ಟರು. ಕೀಲಿ ತಿರುವಿದ. ನಾನದನ್ನು ಕೇಳಿ ಎಷ್ಟೋ ವರ್ಷವಾಗಿತ್ತು, ದಿನಾ ಕೇಳುವ ಅವನ ಕಿವಿಗೆ ಅದು ಸವೆದದ್ದು ಗೊತ್ತಾಗಿರಲಿಲ್ಲ. ಮಾದೇವಿ ಬಾಸಿಂಗದ ಕೆಳಗೆ ಕಣ್ಣು ಮುಚ್ಚಿಕೊಂಡು ಕೂತಳು. ಆಮೇಲೆ ಆ ಕಹಳೆಯಿಂದ ಹೊರಟದ್ದನ್ನು ನಿನಗೆ ಹೇಗೆ ಹೇಳಲಿ? ಸುಟ್ಟ ಬಾಣಲಿಯನ್ನು ಇಟ್ಟಿಗೆ ಪುಡಿ ಹಾಕಿ ಉಜ್ಜಿದ ಸದ್ದು. ನಡುವೆ ಎಲ್ಲೋ ಯಾರೋ ನರಳಿದಂತೆ. ಒಂದು ಕಡೆ ಸೂಜಿ ಕಚ್ಚಿಕೊಂಡು ಅರ್ಧ ಸಾಲನ್ನೇ ಮತ್ತೆ ಮತ್ತೆ ಕಿರುಚಿತು. ಗಂಡಿನ ಸೋದರಮಾವ ತೊಡೆ ತಟ್ಟಿ, "ಇದೇನ್ ಗೌಡ್ರೇ, ಬೀಗಿತ್ತಿ ಆಡ್ತಾವ್ಳೋ, ಬಾಣ್ಲಿ ಉಜ್ತಾವ್ಳೋ?" ಎಂದ. ಚಪ್ಪರಕ್ಕೆ ಚಪ್ಪರವೇ ನಕ್ಕಿತು ದೊಡ್ಡವ್ವ. ಇಪ್ಪತ್ತು ಊರಿನವರು ನಿನ್ನನ್ನು ಕರೆಸಿ ಹಾಡಿಸಿದ್ದರಲ್ಲ, ಅವರಲ್ಲಿ ಒಬ್ಬರಾದರೂ ಎದ್ದು, ಸುಮ್ಮನಿರಯ್ಯ ಎನ್ನಬೇಡವೇ? ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಮೇಷ್ಟ್ರಂತೆ, ನಾಲ್ಕು ಅಕ್ಷರ ಕಲಿತವನಂತೆ. ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ.

ಗಾಡಿ ಹತ್ತುವಾಗ ಹೆಣ್ಣುಮಕ್ಕಳು ತವರಿನವರ ಕೊರಳು ಕಟ್ಟಿ ಅಳುತ್ತಾರೆ. ಮಾದೇವಿ ಅಳಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಯ್ಯ, ನಮ್ಮವ್ವ ಚಂದಾಗ್ ಆಡ್ತಿದ್ಲು ಅಂತ ಇನ್ಮ್ಯಾಲ್ ನನ್ತಾವ ಯಾರೂ ಏಳ್ಬ್ಯಾಡಿ. ತಾಯಿಲ್ದ್ ಕೂಸು ಅಂತ ಇಷ್ಟು ವರ್ಸ ಚೆನ್ನಾಗ್ ಸಮಾಧಾನ ಮಾಡುದ್ರಿ" ಎಂದಳು. ಅಷ್ಟೇ ಹೇಳಿ ಗಾಡಿ ಹತ್ತಿ ಮುಖ ಆ ಕಡೆ ತಿರುಗಿಸಿದಳು. ನಾವು ಹದಿನಾರು ವರ್ಷ ಹೇಳಿದ್ದೆಲ್ಲ ಸುಳ್ಳು ಎಂದು ಅವಳು ಒಂದೇ ಗಳಿಗೆಯಲ್ಲಿ ತೀರ್ಮಾನ ಮಾಡಿಬಿಟ್ಟಳು. ನಾನಿರುವ ಊರಿಗೇ ಸೊಸೆಯಾಗಿ ಬಂದವಳು, ನಾನು ಮನೆಗೆ ಹೋದರೆ ನೀರು ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಹದಿನೈದು ದಿನ ನುಂಗಿಕೊಂಡೆ. ಆಮೇಲೆ ಒಂದು ಭಾನುವಾರ ಚಿಕ್ಕೇಗೌಡನ ಮನೆಗೆ ಹೋಗಿ, "ಚಿಕ್ಕಪ್ಪ, ಯಾವ ಸೂಜಿ ಹಾಕಿದ್ದೆ ತೋರಿಸು" ಎಂದೆ. ಅವನು ಬಲು ಹೆಮ್ಮೆಯಿಂದ ಗೂಡಿನಲ್ಲಿಟ್ಟಿದ್ದ ಒಂದು ದಾರದ ಉಂಡೆ ತಂದ. ಅದಕ್ಕೆ ಚುಚ್ಚಿದ್ದ ಒಂದೇ ಒಂದು ಸೂಜಿ. ಮುಟ್ಟಿ ನೋಡಿದರೆ ತುದಿ ಉಳಿಯ ಹಾಗೆ ಚಪ್ಪಟೆ, ಅಂಚು ಕುಡುಗೋಲಿನಷ್ಟು ಹರಿತ.

"ಇದ್ಯಾಕ್ ಹಿಂಗಿದೆ?" ಎಂದೆ.

"ಯುಗಾದಿಗೊಂದ್ ಕಿತ, ಆಯುಧಪೂಜೆಗೊಂದ್ ಕಿತ ಕುಲ್ಮೆಗ್ ಕೊಡ್ತೀನಿ ಕಣ್ಲಾ. ಆಚಾರಿ ಕಾಸಿ ತಟ್ಟಿ ಅದ ಮಾಡ್ಕೊಡ್ತನೆ."

"ಗ್ರಾಮಫೋನು ಸೂಜಿನ ಕುಲುಮೆಗಾ?"

"ಯಾಕ್ಲಾ, ಕುಡ್ಲು ಮೊಂಡಾದ್ರೆ ಎಸೀತೀವಾ? ನೇಗ್ಲು ಕುಳ ಸವುದ್ರೆ ಎಸೀತೀವಾ? ಕಬ್ಣ ಅಂದ್ಮ್ಯಾಲೆ ತಟ್ಟಿಸ್ಬೇಕು. ನೋಡಿಲ್ಲಿ."

ಅವನು ತಗಡಿನ ಡಬ್ಬಿ ತೆರೆದು ತೋರಿಸಿದ. ಪೆಟ್ಟಿಗೆಯ ಜೊತೆ ಬಂದಿದ್ದ ಡಬ್ಬಿ. ಮುಕ್ಕಾಲು ಪಾಲು ಸೂಜಿ ಹಾಗೇ ಇತ್ತು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡು. "ಅದ್ನಾರ್ ವರ್ಸಕ್ಕೆ ಇಷ್ಟೇ ಖರ್ಚು. ಇನ್ನು ನನ್ ಮೊಮ್ಮಕ್ಳ ಕಾಲ್ಕೂ ಬತ್ತದೆ" ಎಂದ. ಪ್ಲೇಟನ್ನು ಹೇಗೆ ನೋಡಿಕೊಂಡೆ ಎಂದರೆ, ಪ್ರತಿ ಆಯುಧಪೂಜೆಗೆ ನೇಗಿಲು ನೊಗದ ಜೊತೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಹರಳೆಣ್ಣೆಯಲ್ಲಿ ಒರೆಸಿ ಇಡುತ್ತಿದ್ದನಂತೆ, ಒಣಗದಿರಲಿ ಎಂದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನ್ನ ಮೇಲಿನ ಭಕ್ತಿಯಿಂದಲೇ ನಿನ್ನ ಕೊರಳು ಕೊಯ್ದ ಮನುಷ್ಯನಿಗೆ ಏನೆಂದು ಬಯ್ಯುವುದು? ಆದರೂ ಬೈದೆ. ಹಿರಿಯ ಎಂದು ನೋಡಲಿಲ್ಲ. ಪ್ಲೇಟು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡೆ. "ಅದು ಈ ಮನೆ ಸೊತ್ತು, ಮಡಗ್ಲಾ ಕೆಳೀಕೆ" ಎಂದು ಅಂಗಳದವರೆಗೆ ಅಟ್ಟಿಸಿಕೊಂಡು ಬಂದ. "ಇದು ಮಾದೇವಿಯ ಸೊತ್ತು. ಬೇಕಾದರೆ ಪಂಚಾಯಿತಿ ಸೇರಿಸು" ಎಂದು ಬಂದುಬಿಟ್ಟೆ. ಮಾಡಿದ್ದು ಸರಿಯೇ? ನೀನಿದ್ದಿದ್ದರೆ ನನಗೇ ಬೈಯುತ್ತಿದ್ದೆಯೇನೋ, ಅವನು ನಿನ್ನ ಮುದ್ದಿನ ಮೈದುನ.

ನರಸೀಪುರದ ಅಂಗಡಿಯವನೊಬ್ಬನನ್ನು ಸೂಜಿ ಕೇಳಿದರೆ, ಬಟ್ಟೆ ಹೊಲಿಯುವುದರಿಂದ ಹಿಡಿದು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕಲಸಿಟ್ಟಿದ್ದ. "ಯಾವ್ದಾದ್ರೇನ್ ಸಾ, ಚೂಪಾಗಿದ್ರೆ ಆಡ್ತದೆ" ಎಂದ. ಚೂಪಾಗಿದ್ದರೆ ಹಾಡುತ್ತದಂತೆ! ಆ ಮಾತೇ ತಾನೇ ನಮ್ಮನ್ನು ಇಲ್ಲಿಗೆ ತಂದದ್ದು? ರಜೆ ಹಾಕಿ ಮೈಸೂರಿಗೆ ಹೋದೆ. ಮಾರ್ಕೆಟ್ಟಿನ ಹಿಂದೆ ಗಡಿಯಾರ, ಗ್ರಾಮಫೋನು ರಿಪೇರಿ ಮಾಡುವ ವಯಸ್ಸಾದ ಸಾಹೇಬರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಸಾಹೇಬರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಪ್ಲೇಟನ್ನು ಬೆಳಕಿಗೆ ಓರೆ ಮಾಡಿ ನೋಡಿದರು. ಬೆರಳ ತುದಿಯಿಂದ ಹಾಡಿನ ಗೀರುಗಳನ್ನು ಸವರಿದರು. ಆಮೇಲೆ, "ಮೇಷ್ಟ್ರೇ, ಇದ್ರ ಮೇಲೆ ಏನ್ ಓಡ್ಸಿದ್ದೀರಿ?" ಎಂದರು. ಕುಲುಮೆಯ ಕಥೆ ಹೇಳುವಾಗ ನನ್ನ ತಲೆ ನೆಲ ನೋಡುತ್ತಿತ್ತು.

ಅವರು ನನ್ನ ಹಾಗೆ ಸಿಟ್ಟಾಗಲಿಲ್ಲ. ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. "ಈ ಪ್ಲೇಟ್‌ನಲ್ಲಿ ಅರಗು ಐತೆ, ಕಲ್ಲಿನ ಪುಡಿನೂ ಐತೆ. ಕಲ್ಲು ಯಾಕೆ ಹಾಕ್ತಾರೆ ಗೊತ್ತಾ? ಸೂಜಿ ತಿನ್ನೋದಕ್ಕೆ. ಪ್ಲೇಟು ಉಳೀಬೇಕು, ಸೂಜಿ ಸವೀಬೇಕು. ಒಂದು ಮಗ್ಗುಲು ಹಾಡಿ ಮುಗ್ಸೋದ್ರಲ್ಲಿ ಅದ್ರ ಆಯುಷ್ಯ ಮುಗೀತು. ತೆಗೆದು ಬಿಸಾಕ್ಬೇಕು. ನಿಮ್ಮವರು ಸೂಜಿ ಉಳ್ಸಿದ್ರು, ಹಾಡು ಬಿಸಾಕಿದ್ರು." ಆಮೇಲೆ ಮೂರು ಡಬ್ಬಿ ತೆಗೆದು ತೋರಿಸಿದರು. ದಪ್ಪನೆಯದು ಜೋರು ದನಿಗೆ, ಚಪ್ಪರದ ಮದುವೆಗೆ. ನಡುವಿನದು ಜಗಲಿಗೆ. ತೆಳ್ಳನೆಯದು ಮನೆಯೊಳಗೆ ನಾಲ್ಕು ಜನ ಕೂತು ಕೇಳಲಿಕ್ಕೆ. ನಾನು ತೆಳ್ಳನೆಯದಕ್ಕೆ ಕೈ ಹಾಕಿದೆ. ಅವರು ಡಬ್ಬಿ ಮುಚ್ಚಿದರು. "ನಿಮ್ಮ ಪ್ಲೇಟಿಗೆ ಇನ್ನು ಕಬ್ಬಿಣನೇ ಬೇಡ. ದೊರೆಗಳು ಬಿದಿರಿನ ಸೂಜಿ ತರಿಸ್ತಾರೆ, ನನ್ನ ಹತ್ರ ಇಲ್ಲ. ನಿಮ್ಮ ಸೀಮೇಲಿ ಮುಳ್ಳಿಗೇನು ಬರಾನಾ? ಗಟ್ಟಿ ಮುಳ್ಳು ನೋಡಿ. ಮೊನೆ ತೀರಾ ಸಣ್ಣಗೆ ಮಾಡ್ಬೇಡಿ. ಗೀರಿನ ತಳಾನೆಲ್ಲ ನಿಮ್ಮವರು ಉತ್ತಿದ್ದಾರೆ. ಮೊನೆ ಸ್ವಲ್ಪ ದುಂಡಗಿದ್ರೆ ತಳಕ್ಕೆ ಇಳಿಯಲ್ಲ, ಮೇಲಿನ ಗೋಡೆ ಸವರ್ಕೊಂಡು ಹೋಗುತ್ತೆ. ಅಲ್ಲಿ ಏನಾದ್ರೂ ಉಳಿದಿದ್ರೆ ಆ ತಾಯಿ ಸಿಕ್ತಾಳೆ." ಎಣ್ಣೆ ಅರಿಶಿನವನ್ನೆಲ್ಲ ಅವರೇ ಮೆತ್ತನೆಯ ಬ್ರಷ್ಷಿನಿಂದ ತೊಳೆದುಕೊಟ್ಟರು. ತಮ್ಮದೊಂದು ಹಳೆಯ ಪೆಟ್ಟಿಗೆಯನ್ನೂ ಅಭ್ಯಾಸಕ್ಕೊಂದು ಒಡಕಲು ಪ್ಲೇಟನ್ನೂ, ಕೇಳದೆ ಇದ್ದರೂ, ನನ್ನ ಕೈಗಿತ್ತರು. ನಮ್ಮವರು ಮಾಡಿದ್ದು ಹಾಗೆ, ಪರಸ್ಥಳದ ಆ ಮನುಷ್ಯ ಮಾಡಿದ್ದು ಹೀಗೆ.

ಮುಳ್ಳು ಹುಡುಕುತ್ತಾ ಹೊಳೆಯ ದಂಡೆ, ಬೇಲಿ, ಕುರುಚಲು ಎಲ್ಲ ತಿರುಗಿದೆ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ಮಾತಾಯಿತು. ನಿಂಬೆಯ ಮುಳ್ಳು ನಾಲ್ಕು ಸುತ್ತಿಗೇ ಮಡಚಿಕೊಂಡಿತು. ಜಾಲಿಯದು ಉದ್ದವಿತ್ತು, ನೋಡಲು ಗತ್ತು, ಆದರೆ ಸಿಗಿದುಹೋಯಿತು. ಕೊನೆಗೆ ಕಾರೆಮುಳ್ಳು. ಗಿಡದಲ್ಲೇ ಬಲಿತು ಒಣಗಿದ್ದನ್ನು ಆರಿಸಿ, ನೆರಳಿನಲ್ಲಿ ಹದಿನೈದು ದಿನ ಇಟ್ಟು, ಗಾಜಿನ ಚೂರಿನಿಂದ ಹೆರೆದು, ಬುಡವನ್ನು ಸೂಜಿ ಸಿಕ್ಕಿಸುವ ತೂತಿನ ಅಳತೆಗೆ ತಂದು, ಮೊನೆಯನ್ನು ಸಾಣೆಕಲ್ಲಿನ ಮೇಲೆ ತೇಯ್ದೆ. ಎಷ್ಟು ಮುರಿದೆನೋ ಲೆಕ್ಕವಿಲ್ಲ. ಸಾಹೇಬರ ಒಡಕಲು ಪ್ಲೇಟಿನ ಮೇಲೆ ಒಂದು ಮುಳ್ಳು ಈ ಕಡೆಯಿಂದ ಆ ಕಡೆಯವರೆಗೆ ಸದ್ದಿಲ್ಲದೆ ಹೋದ ದಿನ ನನಗಾದ ಸಂತೋಷ, ಕೆಲಸ ಕಾಯಂ ಆದ ದಿನವೂ ಆಗಿರಲಿಲ್ಲ. ಆದರೂ ನಿನ್ನ ಪ್ಲೇಟು ಹಾಕಿ ನೋಡಲಿಲ್ಲ. ನಾನು ಕೇಳುವುದಕ್ಕಲ್ಲವಲ್ಲ ಅದು. ಒಂದೊಂದು ಸಲವೂ ಒಂದಿಷ್ಟು ಸವೆಯುತ್ತದೆ, ಅವಳ ಪಾಲನ್ನು ನಾನು ಯಾಕೆ ತಿನ್ನಲಿ?

ಮೊನ್ನೆ ಭಾನುವಾರ ಮಧ್ಯಾಹ್ನ ಪೆಟ್ಟಿಗೆ ಹೊರಿಸಿಕೊಂಡು ಮಾದೇವಿಯ ಮನೆಗೆ ಹೋದೆ. ಅವಳ ಅತ್ತೆ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪೆಟ್ಟಿಗೆ ನೋಡಿದ್ದೇ ಮಾದೇವಿಯ ಮುಖ ಬಿಗಿಯಿತು.

"ತಕ್ಕೊಂಡೋಗ್ ಅಣ್ಣಯ್ಯ. ಒಂದ್ಸಲ ನಗ್ಸಿದ್ದು ಸಾಕು."

"ಇದೊಂದು ಸಲ ಕೇಳು. ಚೆನ್ನಾಗಿಲ್ಲದಿದ್ದರೆ ಇನ್ನು ನಾನಿತ್ತ ಬರುವುದಿಲ್ಲ" ಎಂದೆ.

"ಯಾಕ್ ಅವ್ಳ್ ಎಸ್ರು ಕೆಡಿಸ್ತೀರಿ? ಆಡಾಕ್ ಬತ್ತಿರ್ನಿಲ್ಲ ಅಂದ್ರೆ ಬತ್ತಿರ್ನಿಲ್ಲ. ನನ್ನ್ ಎತ್ತವ್ಳೆ, ನಂಗಷ್ಟೇ ಸಾಕು."

ಆಗ ಅತ್ತೆ ಮೊರ ಪಕ್ಕಕ್ಕಿಟ್ಟು, "ಅವತ್ತು ನಮ್ಮಣ್ಣ ನಗಾಡಿದ್ದು ತಪ್ಪು ಕಣವ್ವ. ನಾನೂ ನಕ್ಕೆ. ಮಡುಗ್ಲಿ, ಕೇಳಾನ" ಎಂದರು. ಆ ಹೆಂಗಸಿನ ಮೇಲೆ ನನಗಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಕಾರೆಮುಳ್ಳು ಸಿಕ್ಕಿಸಿ ಇಳಿಬಿಟ್ಟೆ. ಮೊದಲು ಮೊರದಲ್ಲಿ ರಾಗಿ ಕೇರಿದಂಥ ಸದ್ದು. ಎರಡು ಸುತ್ತು, ಮೂರು ಸುತ್ತು… ಆಮೇಲೆ ಬಂದೆಯಲ್ಲ ದೊಡ್ಡವ್ವ. ದೂರದ ಹೊಲದಿಂದ ಹಾಡುತ್ತಾ ಬರುವ ಹಾಗೆ. ಪೂರ್ತಿ ನಿನ್ನ ದನಿ ಎಂದು ನಾನು ಹೇಳುವುದಿಲ್ಲ. ಉತ್ತ ಕಡೆಯಲ್ಲಿ ಅದು ಉತ್ತೇ ಹೋಗಿದೆ, ಅದನ್ನು ಯಾವ ಮುಳ್ಳೂ ಮರಳಿ ತರಲಾರದು, ಅದಕ್ಕೆ ನಾನು ಚಿಕ್ಕೇಗೌಡನನ್ನು ಈ ಜನ್ಮದಲ್ಲಿ ಕ್ಷಮಿಸಲಾರೆ. ಆದರೆ ಪದದ ಕೊನೆಯನ್ನು ನೀನು ಮೇಲಕ್ಕೆ ಎತ್ತಿ, ಅಲ್ಲೇ ಒಂದು ಗಳಿಗೆ ನಿಲ್ಲಿಸಿ ಮೆಲ್ಲಗೆ ಬಿಡುತ್ತಿದ್ದೆಯಲ್ಲ, ಅದು ಇತ್ತು. ಮೂರನೆಯ ನುಡಿ ತಿಳಿನೀರಿನ ಹಾಗೆ ಬಂತು. ಅವರೆಕಾಯಿ ಹಿಡಿದಿದ್ದ ಅತ್ತೆಯ ಕೈ ನಿಂತಿತು. ಮಾದೇವಿ ಕಹಳೆಯ ಹತ್ತಿರ ಬಂದು ಕೂತಳು. "ದಿಟವಾಗ್ಲೂ ಆಡ್ತಿದ್ಲು" ಎಂದಳು. ಆಮೇಲೆ ನನ್ನ ಕಡೆ ನೋಡಿ, "ನೀವು ಏಳಿದ್ಕಿಂತ ಚಂದಾಗಿ" ಎಂದಳು.

ಹಾಡು ಮುಗಿಯಿತು. ನನ್ನ ಕೈ ತಾನಾಗಿ ಮುಳ್ಳು ಎತ್ತಲು ಹೋಯಿತು. ಚಿಕ್ಕೇಗೌಡನಿಂದ ನಮಗೆಲ್ಲ ಅಂಟಿದ ಅಭ್ಯಾಸ ಅದು. ಹಾಡಿನ ಕೊನೆಯ ಅಕ್ಷರ ಮುಗಿದದ್ದೇ ತಡ, ಸೂಜಿ ಸುಮ್ಮನೆ ಸವೆಯುತ್ತದೆ ಎಂದು ಅವನು ಪಟ್ಟನೆ ಎತ್ತಿಬಿಡುತ್ತಿದ್ದ. ಹದಿನಾರು ವರ್ಷದಲ್ಲಿ ಒಂದು ಸಲವೂ 'ಪ್ಲೇಟು ಪೂರ್ತಿ ಓಡಲಿ' ಎಂದವನಲ್ಲ. ಮಾದೇವಿ ನನ್ನ ಮಣಿಕಟ್ಟು ಹಿಡಿದಳು. "ಬುಡು. ಅದೇ ನಿಂತ್ಕೊಳ್ಳೋಗಂಟ ಬುಡು" ಎಂದಳು.

ಮುಳ್ಳು ಸುತ್ತುತ್ತಾ ಹೋಯಿತು. ಯಾರೂ ಉಳದೆ ಬಿಟ್ಟ ನೆಲ ಅದು. ಕಬ್ಬಿಣ ಅಲ್ಲಿಗೆ ಹೋಗೇ ಇರಲಿಲ್ಲ. ಒಂದು ಉಸಿರು ಕೇಳಿಸಿತು, ಏರು ಹತ್ತಿ ಬಂದವರ ದಣಿದ ಉಸಿರು. ಆಮೇಲೆ ನೀನು, ಎದುರಿಗೆ ಕೂತು ಮಾತಾಡುವಷ್ಟು ಸ್ಪಷ್ಟವಾಗಿ, ಮೆಲ್ಲಗೆ, "ಸುಮ್ಕಿರವ್ವ, ಒದೀಬ್ಯಾಡ. ಮುಗೀತು. ಎಣ್ಣೇ ತಾನೇ ನೀನು?" ಎಂದೆ. ಅಷ್ಟೇ. ಪೆಟ್ಟಿಗೆ ನಿಂತಿತು.

ಹಾಡಿದ ಮೇಲೆ ಹೆಸರು ಹೇಳಬೇಕು ಎಂದು ಏಜೆಂಟ ನಿನಗೆ ಹೇಳಿಕೊಟ್ಟಿದ್ದ, ಆಗೆಲ್ಲ ಅದೇ ರೂಢಿ. ವಾಪಸು ಬರುವಾಗ ರೈಲಿನಲ್ಲಿ, "ಹೆಸರು ಹೇಳಿದೆಯಾ ದೊಡ್ಡವ್ವ?" ಎಂದು ನಾನು ಕೇಳಿದ್ದಕ್ಕೆ ನೀನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ನಾಚಿಕೆ ಎಂದುಕೊಂಡಿದ್ದೆ. ಕನ್ನಡ ತಿಳಿಯದ ಆ ಬಿಳಿ ದೊರೆ ನಿನ್ನ ಆ ಮಾತನ್ನೇ ಹೆಸರು ಎಂದುಕೊಂಡು ಪ್ಲೇಟಿಗೆ ಹಾಕಿ ಕಳಿಸಿದ್ದಾನೆ. ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಒಪ್ಪಿಸಿಕೊಟ್ಟ ನಿನಗೆ ಅಲ್ಲಿಯವರೆಗೆ ಹುಟ್ಟಿದ್ದು ಬರೀ ಗಂಡು. ಆ ಕಂಬಳಿಯ ಕೋಣೆಯಲ್ಲಿ ಒಬ್ಬಳೇ ನಿಂತು ಹೊಟ್ಟೆಯ ಕೂಸನ್ನು ನೀನು ಕೇಳಿದ್ದೆ. ಉತ್ತರ ಬಂದಾಗ ನಿನಗೆ ಎಚ್ಚರವಿರಲಿಲ್ಲ.

ಪ್ಲೇಟು ಈಗ ಮಾದೇವಿಯ ಸೀರೆ ಪೆಟ್ಟಿಗೆಯಲ್ಲಿದೆ. ಇನ್ನೊಮ್ಮೆ ಹಾಕಲೇ ಎಂದೆ, "ಬ್ಯಾಡ ಅಣ್ಣಯ್ಯ. ಅವ್ವನ್ಗೆ ದಣುವಾಗದೆ" ಎಂದಳು. ಅದರ ಮೇಲೆ ಇನ್ನು ಕಬ್ಬಿಣ ಬೀಳುವುದಿಲ್ಲ. ಇದು ನನ್ನ ಮಾತು, ಚಿಕ್ಕೇಗೌಡ ಹತ್ತು ಪಂಚಾಯಿತಿ ಸೇರಿಸಲಿ. ಆದರೆ ನಿನಗೆ ತಿಳಿಸಬೇಕಾದದ್ದು ಬೇರೆ ಇದೆ. ನಾನು ಪೆಟ್ಟಿಗೆ ಮುಚ್ಚಲು ಹೋದಾಗ ಮಾದೇವಿ ತಡೆದು, ಕಹಳೆಯೊಳಗೆ ಮುಖವಿಟ್ಟು, "ಊಂ ಕಣವ್ವ, ಎಣ್ಣೇಯ" ಎಂದಳು. ಈ ಕಡೆಯಿಂದ ಮಾತಾಡಿದರೆ ಆ ಕಹಳೆ ಎಲ್ಲಿಗೂ ತಲುಪಿಸುವುದಿಲ್ಲ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ಹೆಣ್ಣೇ ದೊಡ್ಡವ್ವ.